‘ಟೈರ್ಡ್ ಆಫ್’ ಅಂತ ಬರೆದು ಸಿಕ್ಕಿಹಾಕಿಕೊಂಡೆ: ಈ ಇಂಗ್ಲಿಷ್ ಪದಗಳ ಬಾಲ ಹಿಡಿಯೋದು ಹೇಗೆ?

ಸಿಲ್ಕ್‌ಬೋರ್ಡ್_ಸಂತ್ರಸ್ತೆ

ಹೋದ ವಾರದ ಕಥೆ. ಮೂರು ರಾತ್ರಿ ಸತತವಾಗಿ ಎರಡು ಗಂಟೆವರೆಗೂ ರಿಲೀಸ್ ಕೆಲಸ. ಶುಕ್ರವಾರ ಬೆಳಿಗ್ಗೆ ಕಣ್ಣು ಬಿಡಕ್ಕೇ ಆಗ್ತಿಲ್ಲ. ಹಾಸಿಗೆಯಲ್ಲೇ ಮಲಗಿ ಮ್ಯಾನೇಜರಿಗೆ ಎರಡು ಸಾಲಿನ ಮೇಲ್ ಹಾಕಿದೆ: ‘ಐ ಆಮ್ ಟೈರ್ಡ್ ಆಫ್ ದಿಸ್ ರಿಲೀಸ್ ವರ್ಕ್. ಕ್ಯಾನ್ ಐ ಟೇಕ್ ಲೀವ್ ಟುಡೇ?’

ಹತ್ತು ನಿಮಿಷಕ್ಕೆ ಫೋನ್ ಬಂತು. ಯಾವತ್ತೂ ಇಲ್ಲದ ಮೆತ್ತಗಿನ ದನಿ. ಟೀಮಲ್ಲಿ ಯಾರಾದರೂ ಏನಾದರೂ ಅಂದ್ರಾ, ಬೇರೆ ಪ್ರಾಜೆಕ್ಟ್ ಬೇಕಾ, ಮನೇಲಿ ಎಲ್ಲ ಸರಿ ಇದೆಯಾ... ಸೋಮವಾರ ಎಚ್‌ಆರ್ ಜೊತೆ ಮೀಟಿಂಗ್ ಬೇರೆ ಇಟ್ಟುಬಿಟ್ರು. ನಾನು ಹೇಳಕ್ಕೆ ಹೊರಟಿದ್ದು ‘ಸುಸ್ತಾಗಿದೆ ಸ್ವಾಮಿ, ಒಂದಿನ ರಜೆ ಕೊಡಿ’ ಅಂತ. ಅವರು ಓದಿಕೊಂಡಿದ್ದು ‘ಈ ಕೆಲಸ ಅಂದ್ರೆ ರೋಸಿಹೋಗಿದೆ’ ಅಂತ.

ಆಮೇಲೆ ಗೊತ್ತಾಯ್ತು, ‘ಟೈರ್ಡ್ ಫ್ರಮ್’ ಅಂದ್ರೆ ಸುಸ್ತು, ‘ಟೈರ್ಡ್ ಆಫ್’ ಅಂದ್ರೆ ಬೇಸರ ಅಂತೆ. ಹತ್ತನೇ ಕ್ಲಾಸಲ್ಲಿ ಇಂಗ್ಲಿಷಿಗೆ ತೊಂಬತ್ತರ ಮೇಲೆ ತಗೊಂಡವಳು ನಾನು. ಯಾವ ಪದದ ಮುಂದೆ ಯಾವ ಪ್ರಿಪೊಸಿಷನ್ ಅಂತ ಪಟ್ಟಿ ಬಾಯಿಪಾಠ ಮಾಡಿದ್ದೂ ನೆನಪಿದೆ. ಆದರೆ ಬರೆಯುವಾಗ ಬೆರಳಿಗೆ ಬರೋದೇ ಬೇರೆ. ನಿಮಗೆಲ್ಲ ಇದು ಹೇಗೆ ಕೈಗೆ ಹತ್ತಿತು?

ತಿಪಟೂರು_ಮೇಷ್ಟ್ರು

ತಾಯೀ, ನೀವು ನಮ್ಮ ‘ಸಾಕಾಗಿದೆ’ಯನ್ನ ಇಂಗ್ಲಿಷಿಗೆ ಎತ್ತಿ ಹಾಕಿದೀರಿ, ಅಲ್ಲೇ ಎಡವಟ್ಟಾಗಿದ್ದು. ‘ಕೆಲಸ ಮಾಡಿ ಮಾಡಿ ಸಾಕಾಯ್ತಪ್ಪ’ ಅಂದರೆ ಮೈ ಸೋತಿದೆ ಅಂತಲೂ ಆಯ್ತು, ಮನಸ್ಸು ರೋಸಿದೆ ಅಂತಲೂ ಆಯ್ತು. ಕೇಳಿದವರು ನಿಮ್ಮ ಮುಖ ನೋಡಿ ಯಾವುದು ಅಂತ ತಿಳ್ಕೋತಾರೆ. ಇಂಗ್ಲಿಷಿನವನು ಮುಖ ನೋಡಲ್ಲ, ಪದದ ಬಾಲ ನೋಡ್ತಾನೆ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದೆ. ಪಟ್ಟಿ ಬಾಯಿಪಾಠ ಮಾಡಿಸಿದ ತಪ್ಪು ನನ್ನದೂ ಇದೆ. ‘ಅಫ್ರೇಡ್ ಆಫ್, ಫಾಂಡ್ ಆಫ್, ಪ್ರೌಡ್ ಆಫ್’ ಅಂತ ಮಕ್ಕಳು ಮಗ್ಗಿ ಥರ ಹೇಳೋರು. ಮರುದಿನ ಪ್ರಬಂಧ ಬರೆಸಿದರೆ ‘ಮೈ ಫಾದರ್ ಈಸ್ ಪ್ರೌಡ್ ಆನ್ ಮಿ’. ಯಾಕೆ? ಬರೆಯುವಾಗ ಮಗು ಪಟ್ಟಿ ನೋಡಲ್ಲ, ಕನ್ನಡದಲ್ಲಿ ಯೋಚನೆ ಮಾಡುತ್ತೆ. ‘ಅಪ್ಪನಿಗೆ ನನ್ನ ಮೇಲೆ ಹೆಮ್ಮೆ.’ ‘ಮೇಲೆ’ ಬಂತಲ್ಲ, ‘ಆನ್’ ಬಿತ್ತು.

ಧಾರವಾಡ_ಫೇಡೆ

ಮೇಷ್ಟ್ರ, ಇದು ನಮ್ಮ ಕಡೆ ಇನ್ನೂ ಜೋರ್ ಐತ್ರಿ. ‘ಅವಂಗ ನನ್ನ ಮ್ಯಾಲೆ ಸಿಟ್ಟು ಬಂದೈತಿ’ ಅಂತೀವಿ, ಹಿಂಗಾಗಿ ‘ಹಿ ಈಸ್ ಆಂಗ್ರಿ ಆನ್ ಮಿ’ ಬಾಯಾಗ ತಾನಽ ಬರತೈತಿ. ನಮ್ಮ ಆಫೀಸ್‌ನ್ಯಾಗ ಮರಾಠಿ ಮಂದಿ, ತೆಲುಗು ಮಂದಿ ಎಲ್ಲಾರೂ ಹಂಗಽ ಅಂತಾರ. ಒಬ್ಬರಿಗೊಬ್ಬರಿಗೆ ತಿಳೀತೈತಿ. ಮತ್ತ ತಪ್ಪು ಹೆಂಗ ಆಕ್ಕೈತಿ?

ಎಫ್‌ಡಿಎ_ಆಕಾಂಕ್ಷಿ

ಪರೀಕ್ಷೆಯಲ್ಲಿ ತಪ್ಪು ಸರ್. ‘ಆಂಗ್ರಿ ವಿತ್’ ಟಿಕ್ ಮಾಡಿದರೆ ಮಾತ್ರ ಮಾರ್ಕ್ಸ್. ನನಗೆ ಬೇಕಿರೋದು ಅದೊಂದೇ. ವ್ಯಕ್ತಿ ಆದ್ರೆ ‘ವಿತ್’, ವಸ್ತು ಆದ್ರೆ ‘ಅಟ್’ ಅಂತ ನಮ್ಮ ಕೋಚಿಂಗ್‌ನಲ್ಲಿ ಹೇಳಿದಾರೆ. ಸರಿನಾ?

ಡಲ್ಲಾಸ್_ದೋಸೆ

ಅರ್ಧ ಸರಿ. ಇಲ್ಲಿ ಅಮೆರಿಕದಲ್ಲಿ ಜನರ ಮೇಲಿನ ಕೋಪಕ್ಕೂ ‘ಆಂಗ್ರಿ ಅಟ್’ ಧಾರಾಳವಾಗಿ ಹೇಳ್ತಾರೆ. ಮಾತಲ್ಲಿ ಅದಕ್ಕಿಂತ ಜಾಸ್ತಿ ‘ಮ್ಯಾಡ್ ಅಟ್’. ಹುಷಾರು, ‘ಮ್ಯಾಡ್ ಅಟ್ ಹರ್’ ಅಂದರೆ ಅವಳ ಮೇಲೆ ಸಿಟ್ಟು, ‘ಮ್ಯಾಡ್ ಅಬೌಟ್ ಹರ್’ ಅಂದರೆ ಅವಳಂದ್ರೆ ಹುಚ್ಚು. ಒಂದು ಅಟ್, ಒಂದು ಅಬೌಟ್, ಮಧ್ಯೆ ಇಡೀ ಸಂಸಾರ. ವಿಷಯದ ಬಗ್ಗೆ ಸಿಟ್ಟಾದರೆ ‘ಆಂಗ್ರಿ ಅಬೌಟ್’. ‘ಆನ್’ ಮಾತ್ರ ಎಲ್ಲೂ ಕೇಳಿಲ್ಲ. ಪರೀಕ್ಷೆಗೆ ನಿಮ್ಮ ಕೋಚಿಂಗಿನವರು ಹೇಳಿದ್ದನ್ನೇ ಹಾಕಿ.

ಮ್ಯೂನಿಕ್_ಕನ್ನಡತಿ

ಫೇಡೆಯವರೇ, ನೀವು ಜರ್ಮನ್ ಕಲೀರಿ, ನಿಮ್ಮ ‘ಮ್ಯಾಲೆ ಸಿಟ್ಟು’ ಇಲ್ಲಿ ನೂರಕ್ಕೆ ನೂರು ಸರಿ. ಜರ್ಮನ್ನರು ಹೇಳೋದು ‘ವ್ಯೂಟೆಂಡ್ ಔಫ್ ಮಿಷ್’. ಔಫ್ ಅಂದರೆ ಮೇಲೆ. ಹೆಮ್ಮೆಗೂ ಅದೇ, ‘ಷ್ಟೋಲ್ಟ್ಸ್ ಔಫ್’. ಮೇಷ್ಟ್ರ ವಿದ್ಯಾರ್ಥಿ ಜರ್ಮನಿಯಲ್ಲಿ ಹುಟ್ಟಿದ್ದರೆ ‘ಅಪ್ಪನಿಗೆ ನನ್ನ ಮೇಲೆ ಹೆಮ್ಮೆ’ ಅಂತ ಬರೆದು ಪೂರ್ತಿ ಅಂಕ ತಗೋತಿದ್ದ. ಮದುವೆ ಆಗೋದೂ ಇಲ್ಲಿ ‘ಜೊತೆ’ಗೆ: ‘ಫೆರ್‌ಹೈರಾಟೆಟ್ ಮಿಟ್’.

ಇಂಗ್ಲಿಷಿನ ಅಣ್ಣತಮ್ಮ ಭಾಷೆಯಲ್ಲೇ ಹೀಗಿದೆ ಅಂದಮೇಲೆ, ಕೋಪಕ್ಕೆ ‘ಜೊತೆ’ ಯಾಕೆ, ಭಯಕ್ಕೆ ‘ಆಫ್’ ಯಾಕೆ ಅಂತ ತರ್ಕ ಹುಡುಕಿ ತಲೆ ಕೆಡಿಸ್ಕೋಬೇಡಿ.

ಕಡಲತಡಿ

ಮದುವೆ ವಿಷಯ ಬಂತಲ್ಲ, ಹೇಳ್ತೇನೆ ಕೇಳಿ. ನಮ್ಮ ಚಿಕ್ಕಮ್ಮನ ಮಗಳು ಒಂದು ವಿದೇಶಿ ಅರ್ಜಿಯಲ್ಲಿ ತನ್ನ ಬಗ್ಗೆ ನಾಲ್ಕು ಸಾಲು ಬರೆದಿದ್ದಳು: ‘ಐ ಆಮ್ ಮ್ಯಾರೀಡ್ ವಿತ್ ಎ ಮರೀನ್ ಇಂಜಿನಿಯರ್.’ ‘ಇಂಜಿನಿಯರ್ ಜೊತೆ ಮದುವೆ ಆಗಿದೆ’ ಅಂತ ಅವಳ ಲೆಕ್ಕ. ಗಂಡ ಓದಿ ನಕ್ಕದ್ದೇ ನಕ್ಕದ್ದು. ‘ಮ್ಯಾರೀಡ್ ವಿತ್ ಟೂ ಚಿಲ್ಡ್ರನ್’ ಅಂದರೆ ಮದುವೆಯಾಗಿ ಎರಡು ಮಕ್ಕಳುಂಟು ಅಂತ ಅರ್ಥ ಅಲ್ವಾ? ಹಾಗಾದರೆ ನನ್ನನ್ನು ಮಕ್ಕಳ ಲೆಕ್ಕಕ್ಕೆ ಸೇರಿಸಿದ್ದೀಯ ಮಾರಾಯ್ತಿ ಅಂತ. ಇವತ್ತಿಗೂ ಮನೆಯಲ್ಲಿ ಅವನಿಗೆ ಮೂರನೇ ಮಗು ಅಂತಲೇ ಹೆಸರು.

ಗಂಡನೋ ಹೆಂಡತಿಯೋ ಆದರೆ ‘ಮ್ಯಾರೀಡ್ ಟು’.

ಸಿಲ್ಕ್‌ಬೋರ್ಡ್_ಸಂತ್ರಸ್ತೆ

ಮೂರನೇ ಮಗು 😂 ಬಸ್ಸಲ್ಲಿ ಓದಿ ಜೋರಾಗಿ ನಕ್ಕುಬಿಟ್ಟೆ, ಪಕ್ಕದ ಸೀಟಿನವರು ನೋಡ್ತಿದಾರೆ.

ಮ್ಯೂನಿಕ್ ಅಕ್ಕ, ತರ್ಕವೇ ಇಲ್ಲ ಅಂದ್ರೆ ನಾವು ಹಿಡ್ಕೊಳ್ಳೋದಾದ್ರೂ ಏನನ್ನ?

ಮ್ಯೂನಿಕ್_ಕನ್ನಡತಿ

ತರ್ಕ ಇಲ್ಲ, ಚರಿತ್ರೆ ಇದೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಳ್ಳಿ.

ಹಳೆಯ ಇಂಗ್ಲಿಷಿಗೂ ನಮ್ಮ ಹಾಗೇ ವಿಭಕ್ತಿ ಇತ್ತು, ನಾಮಪದದ ಕೊನೆಗೆ ಅಂಟುತ್ತಿತ್ತು. ಕೆಲವು ಗುಣವಾಚಕಗಳು ಷಷ್ಠಿ (ನಮ್ಮ ‘ಮರದ’ ಥರದ್ದು) ಕೇಳ್ತಿದ್ದವು, ಕೆಲವು ಚತುರ್ಥಿ (‘ಮರಕ್ಕೆ’ ಥರದ್ದು). ‘ಫುಲ್’ ಅನ್ನೋ ಪದ ಷಷ್ಠಿಯದು: ಏನು ತುಂಬಿದೆಯೋ ಅದಕ್ಕೆ ಷಷ್ಠಿ ಹಚ್ಚಿದರೆ ಆಯ್ತು, ನಡುವೆ ಬೇರೆ ಪದ ಬೇಕಿರಲಿಲ್ಲ. ಸುಮಾರು 11ರಿಂದ 13ನೇ ಶತಮಾನದೊಳಗೆ ಈ ಪ್ರತ್ಯಯಗಳು ಸವೆದು ಉದುರಿಹೋದವು. ಷಷ್ಠಿ ಇದ್ದ ಜಾಗಕ್ಕೆ ಹೆಚ್ಚಾಗಿ ‘ಆಫ್’ ಬಂದು ಕೂತಿತು, ಚತುರ್ಥಿ ಇದ್ದ ಜಾಗಕ್ಕೆ ‘ಟು’. ‘ಫುಲ್ ಆಫ್ ವಾಟರ್’ನಲ್ಲಿರೋ ಆಫ್ ಆ ಉದುರಿದ ಷಷ್ಠಿಯ ಗುರುತು.

ಎರಡು ಮೂರು ಪದ ಮಾತ್ರ ಬಾಲ ಕಳ್ಕೊಂಡು ಬೋಳಾಗಿ ಉಳಿದವು. ‘ವರ್ತ್’ ನೋಡಿ, ‘ವರ್ತ್ ಟೆನ್ ರುಪೀಸ್’, ನಡುವೆ ಏನೂ ಇಲ್ಲ. ಅದರ ತಂಗಿ ‘ವರ್ದಿ’ಗೆ ಮಾತ್ರ ‘ಆಫ್’ ಬೇಕು. ‘ಲೈಕ್ ಹಿಮ್’ ಕೂಡ ಹಾಗೇ, ಒಂದು ಕಾಲದಲ್ಲಿ ಚತುರ್ಥಿ ಕೇಳ್ತಿದ್ದ ಪದ.

ನಿಮ್ಮ ‘ಟೈರ್ಡ್’ ಜಗಳ ಜರ್ಮನ್‌ನಲ್ಲಿ ಇವತ್ತಿಗೂ ಕಣ್ಣಿಗೆ ಕಾಣುತ್ತೆ. ಕಾದು ಕಾದು ಬೇಸರ ಬಂದರೆ ‘ಡೆಸ್ ವಾರ್ಟೆನ್ಸ್ ಮ್ಯೂಡೆ’, ಅದು ಅಪ್ಪಟ ಷಷ್ಠಿ, ಸ್ವಲ್ಪ ಪುಸ್ತಕದ ಭಾಷೆ. ಕಾದು ಮೈ ಸೋತರೆ ‘ಮ್ಯೂಡೆ ಫೋಮ್ ವಾರ್ಟೆನ್’, ಕಾಯೋದರಿಂದ ಸುಸ್ತು. ನೀವು ಮ್ಯಾನೇಜರಿಗೆ ಕಳಿಸಬೇಕಿದ್ದು ಎರಡನೆಯದು.

ತಿಪಟೂರು_ಮೇಷ್ಟ್ರು

ಭಲೇ! ಇದನ್ನ ನನಗೆ ಮೂವತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ‘ವರ್ತ್’ ಯಾಕೆ ಒಂಟಿ ಅಂತ ಕೇಳಿದ ಹುಡುಗನಿಗೆ ‘ಅದು ಹಾಗೇ, ಕೂತ್ಕೋ’ ಅಂತ ಗದರಿಸುತ್ತಿರಲಿಲ್ಲ.

‘ಫುಲ್’ ಬಂದಿದ್ದಕ್ಕೆ ಒಂದು ಮಾತು. ‘ಫುಲ್ ವಿತ್ ವಾಟರ್’ ಅಂತ ಬರೆಯೋರು ಬಹಳ. ‘ನೀರಿನಿಂದ ತುಂಬಿದ ಕೊಡ’ ಅಂತ ತಲೆಯಲ್ಲಿ ಓಡುತ್ತೆ, ‘ಇಂದ’ಕ್ಕೆ ‘ವಿತ್’ ಅಂತ ಹಾಕ್ತಾರೆ. ‘ಫಿಲ್ಡ್ ವಿತ್’ ಸರಿ, ‘ಫುಲ್ ಆಫ್’ ಸರಿ, ಅಡ್ಡಾದಿಡ್ಡಿ ಮಾಡಿದರೆ ತಪ್ಪು. ನನಗೆ ಅದಕ್ಕಿಂತ ಹೊಟ್ಟೆ ಉರಿಯೋದು ಆ ‘ನೀರಿನಿಂದ ತುಂಬಿದ’ ಕಂಡರೆ. ಬಾವಿಕಟ್ಟೆ ಹತ್ತಿರ ಯಾವ ಹೆಂಗಸು ಹಾಗೆ ಹೇಳ್ತಾಳೆ? ‘ನೀರು ತುಂಬಿದ ಕೊಡ’, ‘ಕೊಡದ ತುಂಬ ನೀರು’. ವಿಭಕ್ತಿಯೇ ಇಲ್ಲ! ಪುಸ್ತಕದ ಕನ್ನಡ ಓದಿ ಓದಿ ಅದರಿಂದ ಇಂಗ್ಲಿಷಿಗೆ ಹಾರ್ತೀವಿ, ಎರಡೂ ಕಡೆ ಕಾಲು ಉಳುಕುತ್ತೆ.

ಈ ‘ಇಂದ’ ಅನ್ನೋದು ಮಹಾ ಸಾಹುಕಾರ. ಶಾಲೆಯಲ್ಲಿ ತೃತೀಯಾಕ್ಕೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಅಂತ ಬರೆಸ್ತೀವಿ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಅಂತ ಮಾತಾಡಿದ ಮನುಷ್ಯನನ್ನ ನಾನಂತೂ ನೋಡಿಲ್ಲ. ಕನ್ನಡದ ವ್ಯಾಕರಣವನ್ನ ಸಂಸ್ಕೃತದ ಅಚ್ಚಿಗೆ ಹಾಕಿದ್ದೇವೆ ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ಇಂಥದ್ದಕ್ಕೇ. ನಮಗೆ ಒಂದು ‘ಇಂದ’, ಅವರಿಗೆ ಬೈ, ವಿತ್, ಫ್ರಮ್, ಆಫ್. ಒಂದು ‘ಗೆ’, ಅವರಿಗೆ ಟು, ಫಾರ್, ಅಟ್. ಎಡವೋದು ಇಲ್ಲಿ.

ಎಫ್‌ಡಿಎ_ಆಕಾಂಕ್ಷಿ

‘ಗೆ’ದೇ ನನ್ನ ತಲೆನೋವು ಸರ್. ಮಂಡ್ಯ ಸಕ್ಕರೆಗೆ ಹೆಸರುವಾಸಿ, ‘ಫೇಮಸ್ ಫಾರ್’. ಶೇಂಗಾ ನನಗೆ ಅಲರ್ಜಿ, ‘ಅಲರ್ಜಿಕ್ ಟು’. ಕೆಲಸಕ್ಕೆ ತಡ, ‘ಲೇಟ್ ಫಾರ್’. ಹುದ್ದೆಗೆ ಅರ್ಹ, ‘ಎಲಿಜಿಬಲ್ ಫಾರ್’, ಆದರೆ ಪಿಂಚಣಿಗೆ ಹಕ್ಕುದಾರ, ‘ಎಂಟೈಟಲ್ಡ್ ಟು’. ಎಲ್ಲ ಒಂದೇ ‘ಗೆ’. ಒಂದು ಸೂತ್ರ ಹೇಳಿಕೊಡಿ.

ಡಲ್ಲಾಸ್_ದೋಸೆ

ಸೂತ್ರ ಸಿಕ್ಕಿದ್ರೆ ನನಗೂ ಒಂದು ಕಾಪಿ ಕಳಿಸಿ.

ಟೆಸ್ಟಿಂಗ್_ತಲೆಬಿಸಿ

ರೆಸ್ಯೂಮೆ ಓದೋ ಕೆಲಸ ಆಗಾಗ ನನ್ನ ತಲೆಗೆ ಬರುತ್ತೆ. ನೂರು ಓದಿದರೆ ಹತ್ತರಲ್ಲಾದರೂ ‘ಐ ಆಮ್ ಫೆಮಿಲಿಯರ್ ಟು ಜಾವಾ’ ಇರುತ್ತೆ. ಜಾವಾ ಅಂದರೆ ಪ್ರೋಗ್ರಾಮಿಂಗ್ ಭಾಷೆ. ಆ ವಾಕ್ಯದ ಅರ್ಥ ‘ಜಾವಾಗೆ ನನ್ನ ಪರಿಚಯ ಇದೆ’ ಅಂತ! ಜಾವಾ ದಾರಿಯಲ್ಲಿ ಸಿಕ್ಕಿದರೆ ‘ಏನ್ ಗುರು, ಊಟ ಆಯ್ತಾ’ ಅಂತ ಇವನನ್ನ ಮಾತಾಡಿಸುತ್ತೆ ಅನ್ನೋ ಹಾಗೆ. ನಮಗೆ ಗೊತ್ತಿರೋ ವಸ್ತು ಆದರೆ ‘ಫೆಮಿಲಿಯರ್ ವಿತ್’. ಆ ವಸ್ತುವಿನ ಕಡೆಯಿಂದ ವಾಕ್ಯ ಶುರು ಮಾಡಿದರೆ ‘ಜಾವಾ ಈಸ್ ಫೆಮಿಲಿಯರ್ ಟು ಮಿ’.

ಸ್ವಲ್ಪ ಯೋಚನೆ ಮಾಡಿದಾಗ ಹೊಳೆದಿದ್ದು, ಕನ್ನಡದಲ್ಲಿ ಈ ಎರಡನೇ ಥರದ್ದೇ ಸಹಜ. ‘ನನಗೆ ಗೊತ್ತು’, ‘ನನಗೆ ಭಯ’, ‘ನನಗೆ ಬೇಜಾರು’, ‘ನನಗೆ ಇಷ್ಟ’. ಎಲ್ಲ ನಮ್ಮ ಹತ್ತಿರ ಬರುತ್ತೆ, ನಾವು ಚತುರ್ಥಿಯಲ್ಲಿ ಆರಾಮಾಗಿ ಕೂತಿರ್ತೀವಿ. ಇಂಗ್ಲಿಷಿನಲ್ಲಿ ನಾನೇ ಎದ್ದು ಕರ್ತೃ ಆಗಬೇಕು, ಭಯಗೊಂಡ ನಾನು, ಬೇಜಾರಾದ ನಾನು. ಹಾಗೆ ಎದ್ದ ತಕ್ಷಣ ಆ ನಾಯಿ, ಆ ಕೆಲಸ, ಆ ಜಾವಾ ಎಲ್ಲದಕ್ಕೂ ಹೊಸದಾಗಿ ಒಂದು ಪ್ರಿಪೊಸಿಷನ್ ಹುಡುಕಬೇಕಾಗುತ್ತೆ. ‘ನನಗೆ ನಾಯಿ ಕಂಡ್ರೆ ಭಯ’ದಲ್ಲಿರೋ ‘ಕಂಡ್ರೆ’ಗೆ ಇಂಗ್ಲಿಷಿನಲ್ಲಿ ಏನು ಹಾಕ್ತೀರಿ?

ಕಡಲತಡಿ

‘ಇಫ್ ಐ ಸೀ ಡಾಗ್, ಐ ಆಮ್ ಫಿಯರ್.’ ಶಾಲೆಯಲ್ಲಿ ನಾನು ಬರೆದದ್ದು ಹಾಗೆಯೇ. ಟೀಚರ್ ಕಾಪಿ ಇಡೀ ಕ್ಲಾಸಿಗೆ ಎತ್ತಿ ತೋರಿಸಿದ್ದರು.

ತಿಪಟೂರು_ಮೇಷ್ಟ್ರು

ಆ ಟೀಚರ್ ಮಾಡಿದ್ದು ಸರಿಯಲ್ಲ. ನಿಮ್ಮ ವಾಕ್ಯದಲ್ಲಿ ಕನ್ನಡ ಶುದ್ಧವಾಗಿದೆ.

ಭಯದಲ್ಲೂ ಎರಡು ಇದೆ, ಆಕಾಂಕ್ಷಿಯವರು ಗಮನಿಸಿ. ‘ಅಫ್ರೇಡ್ ಟು ಓಪನ್ ದ ಡೋರ್’ ಅಂದರೆ ಭಯಕ್ಕೆ ಬಾಗಿಲು ತೆಗೀತಾ ಇಲ್ಲ. ‘ಅಫ್ರೇಡ್ ಆಫ್ ಫಾಲಿಂಗ್’ ಅಂದರೆ ಎಲ್ಲಿ ಬೀಳ್ತೀನೋ ಅನ್ನೋ ಭಯ. ಬೀಳೋದು ನಮ್ಮ ಕೈಯಲ್ಲಿಲ್ಲದ ಸಂಗತಿ, ಅದಕ್ಕೆ ‘ಆಫ್’. ಬಾಗಿಲು ತೆಗೆಯೋದು ಬಿಡೋದು ನಮ್ಮಿಷ್ಟ, ಅದಕ್ಕೆ ‘ಟು’ ನಡೆಯುತ್ತೆ. ನಾವು ‘ಬಾಗಿಲು ತೆಗೆಯಕ್ಕೆ ಭಯ’ ಅಂತೀವಿ, ‘ಬೀಳ್ತೀನಿ ಅಂತ ಭಯ’ ಅಂತೀವಿ. ನೋಡಿ, ಇಲ್ಲಿ ಕನ್ನಡವೂ ಬೇರೆ ಮಾಡುತ್ತೆ. ಕನ್ನಡ ಯಾವಾಗಲೂ ವೈರಿ ಅಂತ ತಿಳೀಬಾರದು.

ಇನ್ನೊಂದು ಕಡೆಯೂ ಕನ್ನಡ ಕೈ ಹಿಡಿಯುತ್ತೆ. ಪ್ರಿಪೊಸಿಷನ್ ಆದಮೇಲೆ ಕ್ರಿಯಾಪದ ಬಂದರೆ ‘ಇಂಗ್’ ಹಚ್ಚಬೇಕು ಅಂತ ನಿಯಮ. ‘ಗುಡ್ ಅಟ್ ಸಿಂಗಿಂಗ್’, ‘ಇಂಟರೆಸ್ಟೆಡ್ ಇನ್ ಲರ್ನಿಂಗ್’. ಮಕ್ಕಳಿಗೆ ಇದು ವಿಚಿತ್ರ ಅನ್ನಿಸೋದು. ನಾನು ಬೋರ್ಡಿನ ಮೇಲೆ ‘ಹಾಡು’ ಅಂತ ಬರೆದು, ಹಾಡೋ ಕೆಲಸ ಅನ್ನೋ ಅರ್ಥದಲ್ಲೇ ಇದಕ್ಕೆ ‘ಅಲ್ಲಿ’ ಹಚ್ಚಿ ಅಂತಿದ್ದೆ. ‘ಹಾಡಿನಲ್ಲಿ’ ಅಂದರೆ ಪದ್ಯದ ಒಳಗೆ ಅಂತಾಯ್ತು. ಕೊನೆಗೆ ಯಾರಾದರೂ ಒಬ್ಬರು ‘ಹಾಡುವುದರಲ್ಲಿ’ ಅನ್ನೋರು. ಅಷ್ಟೇ! ಕ್ರಿಯಾಪದಕ್ಕೆ ವಿಭಕ್ತಿ ನೇರ ಅಂಟಲ್ಲ, ‘ಉವುದು’ ಸೇರಿಸಿ ನಾಮಪದ ಮಾಡ್ಕೋಬೇಕು. ಅವರ ‘ಇಂಗ್’, ನಮ್ಮ ‘ಉವುದು’. ಸಿಂಗಿಂಗ್ ಹಾಡುವುದು, ಅಟ್ ಸಿಂಗಿಂಗ್ ಹಾಡುವುದರಲ್ಲಿ. ಅಲ್ಲಿಂದ ಮುಂದೆ ಆ ತಪ್ಪು ಕಮ್ಮಿ ಆಗೋದು.

ಸಿಲ್ಕ್‌ಬೋರ್ಡ್_ಸಂತ್ರಸ್ತೆ

ಮೇಷ್ಟ್ರೇ, ಇದನ್ನ ನನಗೆ ಯಾರೂ ಹೇಳಿರ್ಲಿಲ್ಲ. ಹಾಗಾದ್ರೆ ‘ಯೂಸ್ಡ್ ಟು’? ‘ಐ ಆಮ್ ಯೂಸ್ಡ್ ಟು ವರ್ಕ್ ಲೇಟ್’ ಅಂತ ನಾವೆಲ್ಲ ಬರೀತೀವಿ.

ತಿಪಟೂರು_ಮೇಷ್ಟ್ರು

‘ಆಮ್’ ಇದ್ದರೆ ಅಭ್ಯಾಸ ಆಗಿದೆ ಅಂತ, ಆಗ ‘ವರ್ಕಿಂಗ್’. ‘ಆಮ್’ ಇಲ್ಲದೆ ‘ಐ ಯೂಸ್ಡ್ ಟು ವರ್ಕ್’ ಅಂದರೆ ಮುಂಚೆ ಮಾಡ್ತಿದ್ದೆ, ಈಗಿಲ್ಲ. ಅನುಮಾನ ಬಂದರೆ ಆ ‘ಟು’ ಮುಂದೆ ‘ಇಟ್’ ಇಟ್ಟು ನೋಡಿ. ‘ಐ ಆಮ್ ಯೂಸ್ಡ್ ಟು ಇಟ್’ ಕೂರುತ್ತೆ, ಅಂದಮೇಲೆ ಅಲ್ಲಿ ನಾಮಪದದ ಜಾಗ ಇದೆ, ‘ಇಂಗ್’ ಹಾಕಿ. ‘ಕಮಿಟೆಡ್ ಟು’, ‘ಅಪೋಸ್ಡ್ ಟು’ಗೂ ಇದೇ ಪರೀಕ್ಷೆ.

ಧಾರವಾಡ_ಫೇಡೆ

ಸೀನಿಯರ್ ಬಗ್ಗೆ ಯಾರೂ ಅನ್ನಲಿಲ್ಲಲಾ. ‘ಸೀನಿಯರ್ ದ್ಯಾನ್ ಮಿ’ ಅಂದಿದ್ದಕ್ಕ ಕಾಲೇಜಿನ್ಯಾಗ ನಮ್ಮ ಸರ್ ಭಾಳ ಬೈದಿದ್ರು, ಕಾರಣ ಹೇಳಿರಲಿಲ್ಲ.

ಮ್ಯೂನಿಕ್_ಕನ್ನಡತಿ

ಕಾರಣ ಲ್ಯಾಟಿನ್. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಯರ್ ಎಲ್ಲ ಲ್ಯಾಟಿನ್ ಭಾಷೆಯ ಹೋಲಿಕೆಯ ರೂಪಗಳು. ‘ಇನ್ನೂ ಹಿರಿಯ’, ‘ಇನ್ನೂ ಕಿರಿಯ’ ಅನ್ನೋ ಅರ್ಥ ಪದದ ಒಳಗೇ ಇದೆ, ಅದಕ್ಕೇ ಇಂಗ್ಲಿಷಿನಲ್ಲಿ ‘ದ್ಯಾನ್’ ಬದಲು ‘ಟು’ ಹಿಡ್ಕೊಂಡಿವೆ. ನಾವು ‘ನನಗಿಂತ ಹಿರಿಯ’ ಅಂತೀವಿ, ‘ಇಂತ’ ಬಂದ ಕೂಡಲೇ ‘ದ್ಯಾನ್’ ನುಗ್ಗುತ್ತೆ. ‘ಮೋರ್ ಸೀನಿಯರ್ ದ್ಯಾನ್ ಮಿ’ ಅಂದರೆ ಮಾತ್ರ ನಡೆಯುತ್ತೆ, ಆಫೀಸುಗಳಲ್ಲಿ ಇಂಗ್ಲಿಷಿನವರೇ ಹೇಳ್ತಾರೆ.

ಡಲ್ಲಾಸ್_ದೋಸೆ

‘ಡಿಫರೆಂಟ್’ ಕೂಡ ಅದೇ ಬಾಬ್ತು. ನಾನು ಬಂದ ಹೊಸದರಲ್ಲಿ ‘ಡಿಫರೆಂಟ್ ದ್ಯಾನ್’ ಕೇಳಿ ಇವರಿಗೇ ಇಂಗ್ಲಿಷ್ ಬರಲ್ಲ ಅಂತ ಒಳಗೊಳಗೇ ಖುಷಿಪಟ್ಟಿದ್ದೆ. ಆಮೇಲೆ ನೋಡಿದರೆ ಅಮೆರಿಕದಲ್ಲಿ ‘ದ್ಯಾನ್’ ಮಾಮೂಲು, ಬ್ರಿಟನ್ನಿನಲ್ಲಿ ‘ಡಿಫರೆಂಟ್ ಟು’ ಮಾಮೂಲು, ‘ಫ್ರಮ್’ ಎರಡೂ ಕಡೆ ಸಲ್ಲುತ್ತೆ. ‘ಫ್ರಮ್’ ಮಾತ್ರ ಸರಿ, ‘ಟು’ ತಪ್ಪು ಅನ್ನೋದು ಬರೀ ಮೂಢನಂಬಿಕೆ ಅಂತ ಬ್ರಿಟನ್ನಿನ ಫೌಲರ್ ಸಾಹೇಬರು 1926ರಲ್ಲೇ ತಮ್ಮ ಬಳಕೆ ಕೋಶದಲ್ಲಿ ಬರೆದಿದ್ದಾರೆ. ಸುಮಾರು ನೂರು ವರ್ಷ ಆಯ್ತು, ನಮ್ಮ ಗೈಡುಗಳಿಗೆ ಸುದ್ದಿ ಮುಟ್ಟಿಲ್ಲ.

‘ಬೋರ್ಡ್ ಆಫ್’ ಕೂಡ ಹೊಸದು. ಹಳಬರು ‘ಬೋರ್ಡ್ ವಿತ್’ ಅಂತಾರೆ, ನನ್ನ ಮಗ ‘ಬೋರ್ಡ್ ಆಫ್’ ಅಂತಾನೆ. ಬಹುಶಃ ಟೈರ್ಡ್ ನೋಡಿ ಬೋರ್ಡ್ ಕಲಿತಿರಬೇಕು.

ಧಾರವಾಡ_ಫೇಡೆ

ಅಂದ್ರ ಅವರ ಹುಡುಗರು ತಪ್ಪಿದ್ರ ಹೊಸ ಬಳಕೆ, ನಾವು ತಪ್ಪಿದ್ರ ತಪ್ಪು. ಭಾಳ ಚಲೋ ನ್ಯಾಯ ರೀ ಇದು.

ಟೆಸ್ಟಿಂಗ್_ತಲೆಬಿಸಿ

ಫೇಡೆಯವರ ಮಾತಲ್ಲಿ ಸತ್ಯ ಇದೆ, ಬರೀ ನಗೆಚಾಟಿಕೆ ಮಾಡಿ ಬಿಡೋದು ಬೇಡ. ನಾನು ಇದನ್ನ ಎರಡು ಗುಂಪು ಮಾಡ್ಕೊಂಡಿದೀನಿ. ‘ಆಂಗ್ರಿ ಆನ್ ಮಿ’, ‘ಸೀನಿಯರ್ ದ್ಯಾನ್ ಮಿ’, ‘ಗುಡ್ ಇನ್ ಕ್ರಿಕೆಟ್’ ಇವೆಲ್ಲ ಕಿವಿಗೆ ಕಿರಿಕಿರಿ ಇರಬಹುದು, ಅರ್ಥ ಕೆಡಲ್ಲ. ಕೇಳಿದವರಿಗೆ ತಿಳಿಯುತ್ತೆ, ಕೆಲಸ ಆಗುತ್ತೆ. ಪರೀಕ್ಷೆ ಬರೆಯೋರು ಬಿಟ್ಟು ಉಳಿದವರು ನಿದ್ದೆಗೆಡಬೇಕಾಗಿಲ್ಲ.

ಬಾಲ ಬದಲಾದರೆ ಅರ್ಥವೇ ಬದಲಾಗೋ ಜೋಡಿಗಳು ಬೇರೆ. ಪೇಚಿಗೆ ಸಿಕ್ಕಿಸೋದು ಅವು. ‘ಗುಡ್ ಅಟ್ ಚಿಲ್ಡ್ರನ್’ ಅಂದ್ರೆ ಅರ್ಥವೇ ಇಲ್ಲ, ‘ಗುಡ್ ವಿತ್ ಚಿಲ್ಡ್ರನ್’ ಅಂದ್ರೆ ಮಕ್ಕಳನ್ನ ಸಂಭಾಳಿಸೋದು ಗೊತ್ತು, ‘ಗುಡ್ ಟು ಚಿಲ್ಡ್ರನ್’ ಅಂದ್ರೆ ಮಕ್ಕಳನ್ನ ಚೆನ್ನಾಗಿ ನೋಡ್ಕೋತಾರೆ, ‘ಗುಡ್ ಫಾರ್ ಚಿಲ್ಡ್ರನ್’ ಅಂದ್ರೆ ರಾಗಿ ಗಂಜಿ. ‘ನೋನ್ ಫಾರ್’ ಅಂದ್ರೆ ಹೆಸರುವಾಸಿ, ‘ನೋನ್ ಟು ದ ಪೊಲೀಸ್’ ಅಂದ್ರೆ ಠಾಣೆಯಲ್ಲಿ ಹೆಸರು ಇದೆ. ‘ಸಾರಿ ಫಾರ್ ಹಿಮ್’ ಅಂದ್ರೆ ಅಯ್ಯೋ ಪಾಪ, ‘ಸಾರಿ ಅಬೌಟ್ ದ ಡಿಲೇ’ ಅಂದ್ರೆ ತಡ ಆಯ್ತು ಕ್ಷಮಿಸಿ. ‘ಕನ್ಸರ್ನ್ಡ್ ಅಬೌಟ್’ ಚಿಂತೆ, ‘ಕನ್ಸರ್ನ್ಡ್ ವಿತ್’ ಸಂಬಂಧ. ಒಬ್ಬ ಹುಡುಗ ಕ್ಲೈಂಟಿಗೆ ‘ದಿಸ್ ಡಾಕ್ಯುಮೆಂಟ್ ಈಸ್ ಕನ್ಸರ್ನ್ಡ್ ಅಬೌಟ್ ಸೆಕ್ಯುರಿಟಿ’ ಅಂತ ಕಳಿಸಿದ್ದ. ಪಾಪ ಡಾಕ್ಯುಮೆಂಟು, ಅದಕ್ಕೂ ಚಿಂತೆ.

ಕಡಲತಡಿ

‘ಕನ್ಸರ್ನ್ಡ್ ಆಫೀಸರ್’ ಅಂತ ನಮ್ಮ ಎಲ್ಲ ಅರ್ಜಿಗಳಲ್ಲಿ ಉಂಟಲ್ಲ, ಅದು?

ತಿಪಟೂರು_ಮೇಷ್ಟ್ರು

ನಮ್ಮಲ್ಲಿ ‘ಸಂಬಂಧಪಟ್ಟ ಅಧಿಕಾರಿ’ ಅಂತ ನಡೆದುಹೋಗಿದೆ. ಇಂಗ್ಲೆಂಡಿನವನು ಓದಿದರೆ ‘ಚಿಂತೆಗೊಳಗಾದ ಅಧಿಕಾರಿ’. ಹಿಂದೆ ಇಟ್ಟು ‘ದ ಆಫೀಸರ್ ಕನ್ಸರ್ನ್ಡ್’ ಅಂದರೆ ಸರಿಹೋಗುತ್ತೆ. ನನ್ನ ಪಿಂಚಣಿ ಕಡತ ಓಡಾಡಿದ ಎರಡು ವರ್ಷದಲ್ಲಿ ಚಿಂತೆಗೊಳಗಾದ ಅಧಿಕಾರಿಯನ್ನ ನಾನಂತೂ ಕಾಣಲಿಲ್ಲ.

ಟೆಸ್ಟಿಂಗ್_ತಲೆಬಿಸಿ

ಮೇಷ್ಟ್ರೇ 🙏

ಒಂದು ಮರೆತಿದ್ದೆ. ಅಪ್ರೈಸಲ್ ಫಾರಂನಲ್ಲಿ ಪ್ರತಿ ವರ್ಷ ನೋಡ್ತೀನಿ: ‘ಶಿ ಈಸ್ ವೆರಿ ಈಸಿ ಟು ವರ್ಕ್.’ ಕೊನೇಲಿ ‘ವಿತ್’ ಬಿಟ್ಟುಹೋಗಿರುತ್ತೆ. ‘ಚೇರ್ ಈಸ್ ಕಂಫರ್ಟಬಲ್ ಟು ಸಿಟ್’ ಕೂಡ ಹಾಗೇ, ‘ಆನ್’ ಇಲ್ಲ. ‘ವಾಟ್ ಆರ್ ಯು ಅಫ್ರೇಡ್?’ ಅಂತ ನಿಲ್ಲಿಸ್ತಾರೆ, ‘ಆಫ್’ ಹೇಳಲ್ಲ. ಕನ್ನಡದವರು ವಾಕ್ಯದ ಕೊನೆಯ ಪ್ರಿಪೊಸಿಷನ್ ನುಂಗೋದು ಯಾಕೆ?

ತಿಪಟೂರು_ಮೇಷ್ಟ್ರು

ನಮ್ಮಲ್ಲಿ ‘ಗೆ’, ‘ಅಲ್ಲಿ’, ‘ಇಂದ’ ಯಾವುದೂ ಒಂಟಿಯಾಗಿ ನಿಲ್ಲಲ್ಲ, ನಾಮಪದದ ಸೆರಗು ಹಿಡಿದೇ ಇರಬೇಕು. ‘ಯಾವುದಕ್ಕೆ ಹೆದರ್ತೀಯ?’ ಅನ್ನೋದರಲ್ಲಿ ‘ಕ್ಕೆ’ಯನ್ನ ಕಿತ್ತು ಕೊನೆಗೆ ಇಡೋಕಾಗುತ್ತಾ? ಅವರದು ಕಿತ್ತು ಬರುತ್ತೆ, ಹಿಂದೆ ಬಿದ್ದಿರುತ್ತೆ. ಅವರಲ್ಲೇ ಅದನ್ನ ಸಹಿಸದವರಿದ್ದರು. ಡ್ರೈಡನ್ ಕವಿ 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್‌ನ ಒಂದು ಸಾಲನ್ನ ಹಿಡಿದು ಇದೇ ದೋಷ ಅಂತ ಆಕ್ಷೇಪಿಸಿದ್ದ. ಅವನ ಮಾತು ಶಾಲೆಗಳಲ್ಲಿ ಮುನ್ನೂರು ವರ್ಷ ಓಡಿತು, ಜನ ಮಾತಾಡೋದು ಮಾತ್ರ ಬದಲಾಗಲಿಲ್ಲ. ‘ನಥಿಂಗ್ ಟು ಬಿ ಅಫ್ರೇಡ್ ಆಫ್’ ಅಂತ ಧೈರ್ಯವಾಗಿ ಕೊನೆಗೆ ಇಡಿ.

ಎಫ್‌ಡಿಎ_ಆಕಾಂಕ್ಷಿ

ಎಲ್ಲ ಓದಿದೆ, ಚೆನ್ನಾಗಿದೆ. ಆದರೆ ಹೊಸ ಪದ ಸಿಕ್ಕಾಗ ಅದರ ಬಾಲ ಯಾವುದು ಅಂತ ಎಲ್ಲಿ ನೋಡೋದು? ಇಂಗ್ಲಿಷ್-ಕನ್ನಡ ಡಿಕ್ಷನರಿಯಲ್ಲಿ ಅರ್ಥ ಮಾತ್ರ ಇರುತ್ತೆ.

ಮ್ಯೂನಿಕ್_ಕನ್ನಡತಿ

ಕಲಿಯುವವರಿಗೆ ಅಂತಲೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ನೋಡಿ. ಎ.ಎಸ್. ಹಾರ್ನ್‌ಬಿ ಅನ್ನೋರು ಜಪಾನಿನಲ್ಲಿ ಇಂಗ್ಲಿಷ್ ಕಲಿಸ್ತಿದ್ದರು. ಅವರ ತಂಡ ಮಾಡಿದ ನಿಘಂಟು 1942ರಲ್ಲಿ ಮೊದಲು ಅಚ್ಚಾಗಿದ್ದು ಟೋಕಿಯೋದಲ್ಲಿ, ಅದೇ ಮುಂದೆ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಆಯಿತು. ಇಂಗ್ಲಿಷ್ ತಾಯಿಭಾಷೆ ಅಲ್ಲದವರು ಎಲ್ಲಿ ಎಡವುತ್ತಾರೆ ಅಂತ ಕಣ್ಣಾರೆ ಕಂಡವರು ಮಾಡಿದ್ದು. ಗುಣವಾಚಕದ ಪಕ್ಕದಲ್ಲೇ ಅದರ ಬಾಲ ದಪ್ಪಕ್ಷರದಲ್ಲಿರುತ್ತೆ, ಕೆಳಗೆ ವಾಕ್ಯ. ಆ ಪದ ಬಿಟ್ಟು ಆ ವಾಕ್ಯ ಬರ್ಕೊಳ್ಳಿ. ‘ಅವೇರ್’ ಅಂತ ಬರ್ಕೋಬೇಡಿ, ‘ಐ ವಾಸ್ ನಾಟ್ ಅವೇರ್ ಆಫ್ ದ ರೂಲ್’ ಅಂತ ಬರ್ಕೊಳ್ಳಿ. ಇದರ ಮುಂದೆ ‘ದ್ಯಾಟ್’ ಬಂದರೆ ಬಾಲ ಉದುರುತ್ತೆ ಅಂತಲೂ ಪಕ್ಕಕ್ಕೆ ಗುರುತು ಹಾಕಿ: ‘ಅವೇರ್ ಆಫ್ ದ್ಯಾಟ್ ದ ರೂಲ್’ ಅಂತ ಬರೋಲ್ಲ, ‘ಅವೇರ್ ದ್ಯಾಟ್’ ಅಷ್ಟೇ. ನಮ್ಮ ‘ಅಂತ’ ಇದ್ದ ಹಾಗೆ. ‘ನಿಯಮದ ಬಗ್ಗೆ ಗೊತ್ತಿರಲಿಲ್ಲ’, ‘ನಿಯಮ ಇದೆ ಅಂತ ಗೊತ್ತಿರಲಿಲ್ಲ’. ‘ಅಂತ’ ಬಂದ ಕಡೆ ‘ಬಗ್ಗೆ’ ಬೇಕಾ? ಬೇಡ.

ಕಡಲತಡಿ

ಒಂದು ಸಣ್ಣ ಸಂಗತಿ. ನಾವೆಲ್ಲ ಇಲ್ಲಿ ‘ಆಫ್’ ಅಂತ ಬರೀತಾ ಇದ್ದೇವೆ, ಆದರೆ ಅದರ ಉಚ್ಚಾರ ‘ಅವ್’ ಅಲ್ವಾ? ಲೈಟ್ ಆಫ್ ಮಾಡುವ ‘ಆಫ್’ ಬೇರೆ. ‘ಟೈರ್ಡ್ ಆಫ್’ ಅಂತ ಒತ್ತಿ ಹೇಳಿದರೆ ಸ್ವಿಚ್ ಹಾಕಿದ ಹಾಗೆ ಕೇಳ್ತದೆ.

ಡಲ್ಲಾಸ್_ದೋಸೆ

ನಿಜ. ಇಲ್ಲಿ ‘ಟೈರ್ಡವಿಟ್’ ಅಂತ ಒಂದೇ ಉಸಿರಲ್ಲಿ ಹೇಳಿ ಮುಗಿಸ್ತಾರೆ.

ಸಿಲ್ಕ್‌ಬೋರ್ಡ್_ಸಂತ್ರಸ್ತೆ

ಎಲ್ಲರಿಗೂ ಥ್ಯಾಂಕ್ಸ್. ಸೋಮವಾರದ ಮೀಟಿಂಗ್ ಕಥೆ ಹೇಳ್ಬೇಕಲ್ಲ. ಎಚ್‌ಆರ್ ಮುಂದೆ ಕೂತು ‘ಟೈರ್ಡ್ ಫ್ರಮ್ ಅಂತ ಬರೀಬೇಕಿತ್ತು, ಕೆಲಸ ನನಗೆ ಇಷ್ಟವೇ’ ಅಂತ ಹೇಳಿದೆ. ಅವರು ಮೈಸೂರಿನವರು ಅಂತ ಆಗ ಗೊತ್ತಾಯ್ತು. ‘ಸಾಕಾಗಿದೆ ಅನ್ನೋದನ್ನ ಇಂಗ್ಲಿಷಲ್ಲಿ ಹೇಳಕ್ಕೆ ಹೋದ್ರಾ?’ ಅಂತ ಕೇಳಿ ಅವರೂ ನಕ್ಕರು. ಇವತ್ತು ಮ್ಯಾನೇಜರಿಗೆ ‘ಫೀಲಿಂಗ್ ಬೆಟರ್, ರೆಡಿ ಫಾರ್ ದ ನೆಕ್ಸ್ಟ್ ರಿಲೀಸ್’ ಅಂತ ಮೇಲ್ ಹಾಕಿದೆ, ನಿಘಂಟು ನೋಡಿಯೇ. ಅವರು ಒಂದೇ ಸಾಲು ಉತ್ತರ ಕೊಟ್ಟಿದಾರೆ: ‘ಗುಡ್ ಫಾರ್ ಯು.’

ಇದು ಭೇಷ್ ಅಂತನಾ, ಕೊಂಕಾ?

ತಿಪಟೂರು_ಮೇಷ್ಟ್ರು

ಎರಡೂ ಆಗುತ್ತೆ ತಾಯೀ, ಹೇಳೋ ದನಿ ಮೇಲೆ ಹೋಗುತ್ತೆ. ಫೋನ್ ಮಾಡಿ ಕೇಳಿಸ್ಕೊಳ್ಳಿ.

ಧಾರವಾಡ_ಫೇಡೆ

ಕೊಂಕು ಅನಿಸಿದ್ರ ಅವರ ಮ್ಯಾಲೆ ಸಿಟ್ಟಾಗ್ರಿ. ಜರ್ಮನ್‌ನ್ಯಾಗ.